ಹಾಲಮ್ಮನ ಕಂಬ

ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಸೈಟಿಗೆ ಕರೆಯುವುದಿಲ್ಲ. ಆದರೆ ಹೋದ ತಿಂಗಳು, ನಾನಿದ್ದ ಜಾಗಕ್ಕೆ ಹೊಸದಾಗಿ ಬಂದಿರುವ ಜೂನಿಯರ್ ಇಂಜಿನಿಯರ್ ಕಾವ್ಯ ಫೋನ್ ಮಾಡಿದಳು.

"ಮೇಡಂ, ಆ ಬಸ್ ತಂಗುದಾಣದ ನಡುವೆ ಒಂದು ಮರದ ಕಂಬ ಇದೆಯಲ್ಲ, ಅದರ ಮೇಲೆ ಯಾವ ಭಾರವೂ ಇಲ್ಲ. ಚಾವಣಿಗೂ ಅದಕ್ಕೂ ನಡುವೆ ನಾಲ್ಕು ಬೆರಳಷ್ಟು ಸಂದಿ ಇದೆ. ತೆಗೆಸಿಬಿಡಲಾ?"

ಕುಳಿತಿದ್ದವಳು ಎದ್ದು ನಿಂತಿದ್ದೆ. "ಮುಟ್ಟಬೇಡ" ಎಂದೆ. ದನಿ ಜೋರಾಯಿತೆಂದು ಕಾಣುತ್ತದೆ. "ಫೋನಿನಲ್ಲಿ ಹೇಳುವ ಮಾತಲ್ಲ. ನಾನೇ ಬರುತ್ತೇನೆ, ಒಟ್ಟಿಗೆ ಹೋಗೋಣ" ಎಂದು ಇಟ್ಟೆ. ನಿಂತೇ ಇದ್ದೇನೆಂದು ಆಮೇಲೆ ಗೊತ್ತಾಯಿತು. ಇಷ್ಟು ವರ್ಷಗಳಾದ ಮೇಲೂ ಆ ಕಂಬದ ಮಾತು ಬಂದರೆ ಹೀಗೇ ಆಗುತ್ತದೆ. ಅವಳಿಗೆ ಹೇಳಬೇಕಾದ್ದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವ ಎಲ್ಲರಿಗೂ ಹೇಳಿದರೆ ಒಳ್ಳೆಯದೆನಿಸಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ. ಶಾಲೆ ಕೊಠಡಿ, ಮೋರಿ, ಅಂಗನವಾಡಿ, ಹಳ್ಳಿಯ ರಸ್ತೆ ಇವುಗಳ ನಕ್ಷೆ, ಅಂದಾಜು, ಅಳತೆ ನಮ್ಮ ಕೆಲಸ. ಕಟ್ಟಿದ್ದನ್ನೆಲ್ಲ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದಲ್ಲಿ ನಾನು ಬರೆದ ಕಟ್ಟಡಗಳನ್ನು ಈಗ ನೆನಪಿಸಿಕೊಳ್ಳಲು ಹೋದರೆ ಒಂದರ ಮುಖ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಕಿಟಕಿ. ಕಣ್ಣ ಮುಂದೆ ನಿಲ್ಲುವುದು ನಾನು ಅಳೆಯದೆ ಬಿಟ್ಟವು. ಯಾರ ನಕ್ಷೆಯೂ ಇಲ್ಲದೆ, ಊರಿನವರು ಬಿದ್ದ ಮನೆಯ ತೊಲೆ, ಮುರಿದ ಗಾಡಿಯ ಚಕ್ರ, ಕಿತ್ತ ಶಾಲೆಯ ಹೆಂಚು ತಂದು ತಾವೇ ಕಟ್ಟಿಕೊಂಡ ಕಟ್ಟೆಗಳು, ಚಪ್ಪರಗಳು, ತಂಗುದಾಣಗಳು.

ಅಂಥದನ್ನು ಮೊದಲು ಕಂಡದ್ದು ಸೊರಬದ ಕಡೆ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಒಂದು ಹಳೆಯ ಶಾಲೆಯನ್ನು ಕೆಡವಿಸಿ, ಬಂದ ಮರಮುಟ್ಟನ್ನು ಪಟ್ಟಿ ಮಾಡಿ, ಹರಾಜಿಗೆ ಇಡಬೇಕಿತ್ತು. ಪಟ್ಟಿ ಮಾಡಿ ಬಂದೆ. ಮುಂದಿನ ವಾರ ಹೋದರೆ ಅರ್ಧ ಸಾಮಾನು ಮಾಯ. ಹುಡುಕಿದರೆ ಸಿಕ್ಕಿದ್ದು ಹಾಲು ಹಾಕಲು ಜನ ಕಾಯುವ ಜಾಗದಲ್ಲಿ. ಶಾಲೆಯ ತೊಲೆಗಳ ಮೇಲೆ ಶಾಲೆಯ ಹೆಂಚು ಹೊದಿಸಿ ಚಪ್ಪರ ನಿಲ್ಲಿಸಿದ್ದರು. ಸುತ್ತ ಗೋಡೆಯೇ ಇಲ್ಲ. ಆದರೆ ಮುಂದೆ ಶಾಲೆಯ ಬಾಗಿಲುವಾಡ ಮಾತ್ರ ನೆಟ್ಟಗೆ ನಿಂತಿತ್ತು. ನಾನು ಸಿಟ್ಟಿನಲ್ಲಿ ಪಕ್ಕದಿಂದ ಒಳಗೆ ನುಗ್ಗಿದೆ. ಹಾಲಿನ ಕ್ಯಾನ್ ಹಿಡಿದು ಕೂತಿದ್ದ ಗುತ್ಯಪ್ಪ ಎನ್ನುವವರು ತಡೆದರು.

"ಎಂತ ಮೇಡಂ, ಬಾಗಿಲು ಇಟ್ಟಿದ್ದು ಮತ್ತೆ ಯಾಕೆ? ಆ ಕಡೆಯಿಂದ ಬನ್ನಿ ಮಾರಾಯ್ರೆ."

ಗೋಡೆಯಿಲ್ಲದ ಬಾಗಿಲಿನಿಂದ ನಾನು ಮತ್ತೆ ಒಳಗೆ ಬರಬೇಕಾಯಿತು. ನೋಡಿದರೆ ಎಲ್ಲರ ಚಪ್ಪಲಿಗಳೂ ಆ ಬಾಗಿಲುವಾಡದ ಆಚೆಗೇ ಇದ್ದವು.

ಕಳ್ಳತನವಾಗಿದೆ ಎಂದು ವರದಿ ಬರೆದೆ. ನಮ್ಮ ಆಗಿನ ಸಾಹೇಬರು ಅದನ್ನು ಓದಿ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದರು. ಬಾಗಿಲಿನಿಂದಲೇ ತಲೆ ತಗ್ಗಿಸಿ ಒಳಗೆ ಹೋಗಿ ಕೂತು ಚಹಾ ಕುಡಿದರು. ವಾಪಸು ಬರುವಾಗ, "ಸಾಮಾನು ಯಾರ ಮನೆ ಸೇರಿದೆ ಅಂತ ಬರೆದಿದ್ದೀರಿ?" ಎಂದು ಕೇಳಿದರು.

"ಯಾರ ಮನೆಗೂ ಸೇರಿಲ್ಲ ಸರ್."

"ಹಾಗಾದರೆ ಹಾಗೇ ಬರೆಯಿರಿ. ಸಾರ್ವಜನಿಕ ಉಪಯೋಗಕ್ಕೆ ಬಳಸಲಾಗಿದೆ ಅಂತ." ಸ್ವಲ್ಪ ದೂರ ಬಂದ ಮೇಲೆ ಮತ್ತೆ ಹೇಳಿದರು: "ಇವರು ಕಟ್ಟುವಾಗ ಅಡ್ಡ ಬರಬೇಡಿ. ತಲೆ ಮೇಲೆ ಏನಿಟ್ಟಿದ್ದಾರೆ ಅನ್ನೋದನ್ನ ಮಾತ್ರ ನೋಡಿ. ಕೂರೋ ಕಟ್ಟೆ ಮುರಿದರೆ ಜನ ನಗ್ತಾರೆ. ಮೇಲಿನದು ಮುರಿದರೆ ನಗೋಕೆ ಯಾರೂ ಇರಲ್ಲ."

ಈ ಮಾತನ್ನು ನಾನು ಮರೆತಿರಲಿಲ್ಲ. ತಲೆಯ ಮೇಲಿನದನ್ನು ನೋಡಿಯೂ ಇದ್ದೆ. ನೋಡಿಯೂ ತಪ್ಪು ಮಾಡಿದೆ.

ಅದು ಆದದ್ದು ವರ್ಷಗಳ ಮೇಲೆ, ಶಿರಾಳಕೊಪ್ಪದಿಂದ ಸೊರಬದ ಕಡೆಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ. ನಾನು ಆಗ ಶಿಕಾರಿಪುರಕ್ಕೆ ವರ್ಗವಾಗಿದ್ದೆ. ಆ ಊರಿನವರು ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯಲು ಒಂದು ತಂಗುದಾಣ ಕಟ್ಟಲು ಹೊರಟಿದ್ದರು. ನಮ್ಮ ಕಚೇರಿಗೆ ಅರ್ಜಿ ಕೊಟ್ಟು ಕಾದು ಕಾದು, ಕೊನೆಗೆ ತಾವೇ ಶುರು ಮಾಡಿದ್ದರು. ಅವರ ಪದ್ಧತಿಗೆ 'ಮನೆಗೊಂದು' ಎನ್ನುತ್ತಿದ್ದರು. ಪ್ರತಿ ಮನೆಯವರೂ ತಮ್ಮಲ್ಲಿ ದುಡಿದು ಹಳೆಯದಾದ ಒಂದು ವಸ್ತು ತರಬೇಕು. ಅಂಗಡಿಯಿಂದ ಕೊಂಡದ್ದು ಬೇಡ. ತಂದದ್ದು ಏನೇ ಇರಲಿ, ಬೇಡ ಎನ್ನುವ ಹಾಗಿಲ್ಲ. ಎಲ್ಲಿಡಬೇಕೆಂದು ತಂದವರೇ ಹೇಳುತ್ತಾರೆ, ಆಮೇಲೆ ಅವರನ್ನು ಕೇಳದೆ ಅದನ್ನು ಯಾರೂ ಕದಲಿಸುವಂತಿಲ್ಲ.

ಹೀಗಾಗಿ ಆ ತಂಗುದಾಣ ದಿನಕ್ಕೊಂದು ರೂಪ ಪಡೆಯುತ್ತಿತ್ತು. ಬಿದ್ದ ಕೊಟ್ಟಿಗೆಯ ಕಲ್ಲುಗಳಿಂದ ಮೂರು ಕಡೆ ಗೋಡೆ ಎದ್ದಿತು. ಯಾರೋ ತಂದ ಒರಳುಕಲ್ಲು ಗೋಡೆಯ ಮೂಲೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಕೂರುವ ಜಾಗವಾಯಿತು. ಆಲೆಮನೆಯ ಗಾಣದ ಉರುಳೆ ಕಾಲಿಡುವ ಮೆಟ್ಟಿಲಾಯಿತು. ಒಬ್ಬರು ಟ್ರ್ಯಾಕ್ಟರಿನ ಸೀಟು ತಂದು, "ಇದು ಡ್ರೈವರ್ ಸೀಟು, ಬಸ್ ಬರೋದು ಇಲ್ಲಿ ಕೂತ್ರೆ ಮೊದ್ಲು ಕಾಣ್ತೈತಿ" ಎಂದು ರಸ್ತೆಯ ಕಡೆ ಮುಖ ಮಾಡಿ ಕೂರಿಸಿದ್ದರು. ನಾನು ಆ ದಾರಿಯಲ್ಲಿ ಹೋಗುವಾಗಲೆಲ್ಲ ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅಸೂಯೆಯಾಗುತ್ತಿತ್ತು.

ಕೆಲಸ ನಿಂತದ್ದು ಚಾವಣಿಗೆ ಬಂದಾಗ. ರುದ್ರಪ್ಪಗೌಡರ ಮನೆಯಿಂದ ಒಂದು ದೊಡ್ಡ ಕಲ್ಲು ಚಪ್ಪಡಿ ಬಂದಿತ್ತು. ಅದು ಮೊದಲು ಕಾಲುವೆಯ ಮೇಲೆ ದಾಟುಕಲ್ಲಾಗಿ ಬಿದ್ದಿತ್ತು. ಅದನ್ನು ಹಾಕಿಸಿದ್ದು ಗೌಡರ ಅಜ್ಜಿ. ಚಪ್ಪಡಿಯ ನಟ್ಟನಡುವೆ, ಅಡ್ಡಕ್ಕೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ 'ಗೌರಮ್ಮನ ಸೇವೆ' ಎಂದು ಆಳವಾಗಿ ಕೊರೆದಿತ್ತು. ಅಜ್ಜಿಯ ಹೆಸರನ್ನು ಊರೆಲ್ಲ ತುಳಿಯುತ್ತದೆಂದು ಗೌಡರಿಗೆ ಮೊದಲಿನಿಂದಲೂ ಕಸಿವಿಸಿ. ಕಾಲುವೆಗೆ ಹೊಸ ಮೋರಿ ಆದದ್ದೇ, ಚಪ್ಪಡಿಯನ್ನು ಎತ್ತಿಸಿ ತಂದರು. ಇಡುವ ಜಾಗ ಚಾವಣಿ ಎಂದರು.

ಕಲ್ಲಿನ ಕೆಲಸ ಯಲ್ಲಪ್ಪನದು. ಅಕ್ಷರ ಮೇಲಕ್ಕೆ ಬರುವ ಹಾಗೆ ಇಡುತ್ತೇನೆ ಎಂದ. ಅಕ್ಷರ ಕೆಳಕ್ಕೆ ಬರಬೇಕು ಎಂದು ಗೌಡರು. ಎರಡು ದಿನ ಚಪ್ಪಡಿ ರಸ್ತೆ ಬದಿಯಲ್ಲೇ ಬಿದ್ದಿತ್ತು. ನಾನು ಹೋದಾಗ ಇಬ್ಬರೂ ಅದರ ಎರಡು ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು.

"ನೋಡ್ರಿ ಮೇಡಂನೋರೆ," ಎಂದರು ಗೌಡರು, "ಮ್ಯಾಲಕ್ಕೆ ಮಾಡಿಟ್ರೆ ನಮ್ಮಜ್ಜಿ ಹೆಸರು ಯಾರು ಓದಬೇಕ್ರಿ? ಕಾಗಿ ಓದ್ತಾವೇನು?"

"ಅಷ್ಟು ವರ್ಷ ಹೆಂಗ್ ಮಲಗಿತ್ತೋ ಹಂಗೇ ಮಲಗ್ಲಿ ಅಂತೀನಿ," ಎಂದ ಯಲ್ಲಪ್ಪ. "ಕಲ್ಲಿಗೂ ಬೆನ್ನು ಬ್ಯಾರೆ, ಹೊಟ್ಟಿ ಬ್ಯಾರೆ ಇರ್ತೈತ್ರಿ."

ಇಬ್ಬರೂ ನನ್ನ ಮುಖ ನೋಡಿದರು. ಓದಿದವಳು ನಾನು. ಚಪ್ಪಡಿಯ ದಪ್ಪ ಅಳೆದೆ, ಗೋಡೆಗಳ ನಡುವಿನ ಅಂತರ ಅಳೆದೆ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದಪ್ಪ ಬೇಕಾದಷ್ಟಿತ್ತು. "ಕಲ್ಲಿಗೆ ಎರಡೂ ಕಡೆ ಒಂದೇ ಯಲ್ಲಪ್ಪ. ಅಕ್ಷರ ಕೆಳಕ್ಕೆ ಬರಲಿ. ಕೂತವರು ತಲೆ ಎತ್ತಿದರೆ ಓದಬಹುದು, ಚೆನ್ನಾಗಿರುತ್ತೆ" ಎಂದೆ. ಗೌಡರು ಎದ್ದು ನಿಂತು ಕೈ ಮುಗಿದರು. ಯಲ್ಲಪ್ಪ ಹಗ್ಗ ತರಲು ಹೋದ.

ಇದನ್ನು ಓದುವ ಹೊಸಬರಿಗೆ ನನ್ನ ತಪ್ಪು ಆಗಲೇ ಕಂಡಿರಬೇಕು. ಎರಡು ಗೋಡೆಗಳ ಮೇಲೆ ಕೂತ ಚಪ್ಪಡಿಯ ಮೇಲ್ಮೈ ಒತ್ತಡದಲ್ಲಿರುತ್ತದೆ, ಕೆಳಮೈ ಎಳೆತದಲ್ಲಿರುತ್ತದೆ. ಕಲ್ಲು ಒತ್ತಡವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಕಾಲುವೆಯ ಮೇಲಿದ್ದಾಗ ಅಕ್ಷರದ ಸಾಲು ಒತ್ತಡದ ಕಡೆಗಿತ್ತು. ನಾನು ಅದನ್ನು ಎಳೆತದ ಕಡೆಗೆ, ಅದೂ ನಟ್ಟನಡುವೆ, ತಿರುಗಿಸಿದೆ. ಕ್ವಾರಿಯಲ್ಲಿ ಬಂಡೆ ಸೀಳುವವರು ಮಾಡುವುದೂ ಅದನ್ನೇ. ಒಂದೇ ಗೆರೆಯಲ್ಲಿ ಸಣ್ಣ ಸಣ್ಣ ಗುಳಿ ಹೊಡೆದು ಬಡಿಯುತ್ತಾರೆ, ಬಂಡೆ ಆ ಗೆರೆಗೆ ಸರಿಯಾಗಿ ಸೀಳುತ್ತದೆ. ಗೌರಮ್ಮನ ಹೆಸರು ಅಂಥದೇ ಒಂದು ಗೆರೆ. ಈ ವಿಷಯದಲ್ಲಿ ಕಾಲೇಜಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಕ್ವಾರಿಗಳನ್ನೂ ಎಷ್ಟೋ ಸಲ ನೋಡಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಅಂದು ಹೊಳೆಯಲಿಲ್ಲ.

ಹಗ್ಗ, ಬೊಂಬು, ಹತ್ತಾರು ಹೆಗಲು ಸೇರಿ ಚಪ್ಪಡಿ ಮೇಲೇರಿತು. ಸೋರದ ಹಾಗೆ ಅದರ ಮೇಲೆ ಹಳೆಯ ಮಾಳಿಗೆ ಮನೆಯೊಂದರ ಮಣ್ಣು ತಂದು ಹರಡಿದರು. ಅದಕ್ಕೂ ನಾನು ಹೂಂ ಎಂದೆ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಎಷ್ಟು ತೂಗುತ್ತದೆಂದು ಲೆಕ್ಕ ಹಾಕಲಿಲ್ಲ.

ಮರುದಿನ ನೋಡಿದರೆ ಚಪ್ಪಡಿಯ ನಡುವೆ, ಅಕ್ಷರದ ಸಾಲಿನ ಕೆಳಗೆ, ಒಂದು ದಪ್ಪ ಮರದ ಕಂಬ ನಿಂತಿತ್ತು. ಅದರ ತಲೆಯ ಮೇಲೆ ಹಳೆಯ ನೊಗದ ತುಂಡೊಂದನ್ನು ಉದ್ದಕ್ಕೆ ಇಟ್ಟು, ಬುಡದಲ್ಲಿ ಬೆಣೆ ಹೊಡೆದು ಬಿಗಿ ಮಾಡಿತ್ತು. 'ಗೌರಮ್ಮನ' ಎಂಬುದರ ಅರ್ಧ ಮುಚ್ಚಿಹೋಗಿತ್ತು.

"ಇದೇನು ಯಲ್ಲಪ್ಪ?"

"ಹಾಲಮ್ಮನ ಮನಿದು ರೀ. ಬಿದ್ದ ಹಳೇ ಮನಿ ನಡುಗಂಬ. ಅಕಿ ಇಲ್ಲೇ ಇಡು ಅಂದ್ಲು." ನನ್ನ ಕಣ್ಣು ತಪ್ಪಿಸಿ ಹೇಳಿದ. "ಒಂದ್ ಮಳಿಗಾಲ ಇರ್ಲಿ ಬಿಡ್ರಿ."

ಇಲ್ಲೇ ಇಡು ಎಂದು ಹಾಲಮ್ಮನ ಬಾಯಲ್ಲಿ ಹೇಳಿಸಿದವನು ಅವನೇ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಹಾಲಮ್ಮ ಕುರಿ ಸಾಕುವ ಮನೆಯವಳು. ವಾರವಾರ ಶಿರಾಳಕೊಪ್ಪದ ಸಂತೆಗೆ ಹೋಗುತ್ತಾಳೆ. ಕಂಬ ನಿಂತ ದಿನವೇ ಅದಕ್ಕೊಂದು ಗೂಟ ಹೊಡೆದು ತನ್ನ ಕೈಚೀಲ ನೇತುಹಾಕಿದ್ದಳು.

ಆ ಮಳೆಗಾಲದಲ್ಲಿ ನಮ್ಮ ದೊಡ್ಡ ಸಾಹೇಬರು ಆ ರಸ್ತೆಯ ಕೆಲಸ ನೋಡಲು ಬರುವವರಿದ್ದರು. ತಂಗುದಾಣವನ್ನು ತೋರಿಸಬೇಕು, ಫೋಟೋ ತೆಗೆಸಬೇಕು ಎಂಬ ಆಸೆ ನನಗೆ. ಹಾಗೆ ನೋಡಿದರೆ ಅದು ನನ್ನದೇನೂ ಆಗಿರಲಿಲ್ಲ. ಆದರೂ ಅಕ್ಷರ ಕೆಳಗೆ ಬರುವಂತೆ ಹೇಳಿದವಳು ನಾನಲ್ಲವೇ? ಆ ಅಕ್ಷರಗಳಿಗೇ ಅಡ್ಡವಾಗಿ ಕಂಬ. ಹಿಂದಿನ ದಿನ ಬೆಳಿಗ್ಗೆ ರಸ್ತೆ ಕೆಲಸದ ಒಬ್ಬ ಆಳನ್ನು ಹಾರೆಯೊಂದಿಗೆ ಕರೆದುಕೊಂಡು ಹೋದೆ.

ಅಂದು ಸಂತೆಯ ದಿನ ಎಂಬುದನ್ನು ಮರೆತಿದ್ದೆ. ಸೊರಬದ ಬಸ್ಸೂ ಬಂದಿರಲಿಲ್ಲ, ಶಿರಾಳಕೊಪ್ಪದ ಬಸ್ಸೂ ಬಂದಿರಲಿಲ್ಲ. ನಾನು ತಲುಪುವ ಹೊತ್ತಿಗೆ ಮಳೆ ಹಿಡಿಯಿತು. ರಸ್ತೆಯಲ್ಲಿದ್ದವರೆಲ್ಲ ಒಳಗೆ ಬಂದು ಒತ್ತಿಕೊಂಡು ನಿಂತರು. ಸೊಪ್ಪಿನ ಕಟ್ಟು, ಕೋಳಿ ಬುಟ್ಟಿ, ಕಂಕುಳಲ್ಲಿ ಮಕ್ಕಳು. ಹಾಲಮ್ಮ ಕಂಬಕ್ಕೆ ಒರಗಿ ಕೂತಿದ್ದಳು.

"ಹಾಲಮ್ಮ, ಈ ಕಂಬ ತೆಗೀಬೇಕಲ್ಲ."

"ಯಾಕ್ ತಾಯಿ? ನಿಂಗೇನ್ ಅಡ್ಡ ಬಂತು?"

"ಅಕ್ಷರ ಕಾಣಲ್ಲ ಅದರಿಂದ."

"ನಂಗೆ ಓದಾಕ ಬರಲ್ಲ ಬಿಡವ್ವ." ಸುತ್ತ ಇದ್ದವರು ನಕ್ಕರು. "ನನ್ ಚೀಲ ಎಲ್ಲಿ ಹಾಕ್ಲಿ? ನಿನ್ ಕುತ್ಗಿಗೆ ಹಾಕ್ಲಾ?"

ಮತ್ತೂ ನಕ್ಕರು. ನನಗೆ ಅವಮಾನವಾಯಿತು. ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಸಲ ಜನ ನಕ್ಕಿದ್ದಾರೆ, ಅಂದು ಮಾತ್ರ ತಡೆಯಲಿಲ್ಲ. ಆಳಿನ ಕಡೆ ತಿರುಗಿ, "ಬೆಣೆ ಬಿಡಿಸು" ಎಂದೆ.

ಅವನು ಬುಡಕ್ಕೆ ಹಾರೆ ಹಾಕಿ ಒಂದು ಸಲ ಮೀಟಿದ. ಬೆಣೆ ಅಲುಗಿತು. ಇನ್ನೊಂದು ಸಲ ಮೀಟಿದ. ಬೆಣೆ ಹೊರಗೆ ಜಾರಿ ಕಂಬ ಒಂದಂಗುಲ ಕೆಳಗೆ ಇಳಿಯಿತು. ಮೂರನೆಯ ಸಲಕ್ಕೆ ಅವನು ಹಾರೆ ಎತ್ತಿದಾಗ ಹಾಲಮ್ಮ ಎದ್ದು ಎರಡೂ ತೋಳಿನಿಂದ ಕಂಬವನ್ನು ತಬ್ಬಿಕೊಂಡಳು.

"ಹೊಡಿ ನೋಡಾಣ. ಮೊದ್ಲು ನನ್ ಕಾಲಿಗೆ ಹೊಡಿ, ಆಮ್ಯಾಲೆ ಕಂಬಕ್ಕೆ ಹೊಡಿ!"

ಆಗ ಕೇಳಿಸಿತು. ದೊಡ್ಡ ಸದ್ದಲ್ಲ. ಕಾಯಿ ಒಡೆದಂತೆ ಒಂದು ಸದ್ದು, ತಲೆಯ ಮೇಲೆ. ನಾನು ಕತ್ತೆತ್ತಿದೆ. ಅಕ್ಷರಗಳನ್ನು ಮೇಲೆ ಕೆಳಗೆ ಎರಡಾಗಿ ಸೀಳುತ್ತ, ಈ ಅಂಚಿನಿಂದ ಆ ಅಂಚಿಗೆ, ಒಂದು ಕಪ್ಪು ಗೆರೆ ಓಡಿತು. ಚಪ್ಪಡಿ ಎರಡಾಗಿ, ನಡುವೆ ಕುಸಿದು, ನೊಗದ ತುಂಡಿನ ಮೇಲೆ ದಡ್ಡನೆ ಕೂತಿತು. ಕಂಬ ನರಳಿತು, ನಿಂತಿತು. ಬಿರುಕಿನಿಂದ ಕೆಂಪು ನೀರು ನನ್ನ ಮುಖದ ಮೇಲೆ ಸುರಿಯಿತು.

ಕೂಗಿದವರು ಯಾರೂ ಇಲ್ಲ. ಎಲ್ಲರೂ ಮಳೆಗೆ ಹೊರಟರು. ಒಬ್ಬರನ್ನೊಬ್ಬರು ತಳ್ಳದೆ, ಮಕ್ಕಳನ್ನು ಕೈಯಿಂದ ಕೈಗೆ ದಾಟಿಸುತ್ತ ಹೊರಟರು. ಹಾಲಮ್ಮ ಮಾತ್ರ ಕಂಬ ಬಿಟ್ಟಿರಲಿಲ್ಲ. ತಾನು ಬಿಟ್ಟರೆ ಬೀಳುತ್ತದೆಂದು ತಿಳಿದಿದ್ದಳು. ನಾನೂ ಅಲ್ಲೇ ನಿಂತಿದ್ದೆ. ಕೊನೆಗೆ ಆ ಆಳು ಹಾರೆ ಬಿಸಾಕಿ ಬಂದು ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಎಳೆದುಕೊಂಡು ಹೊರಟ.

ಯಾರಿಗೂ ಏನೂ ಆಗಲಿಲ್ಲ. ಒಂದು ಕೋಳಿ ಬುಟ್ಟಿ ಕಾಲ್ತುಳಿತಕ್ಕೆ ಸಿಕ್ಕಿ ಮುರಿಯಿತು. ಆದರೆ ಅಡುಗೆಮನೆಯಲ್ಲಿ ಈಗಲೂ ಯಾರಾದರೂ ಕಾಯಿ ಒಡೆದರೆ ನಾನು ಮೇಲೆ ನೋಡುತ್ತೇನೆ. ಹಾರೆ ಮೂರನೆಯ ಸಲ ಕೆಳಗೆ ಬಂದಿದ್ದರೆ ಎಂದು ಎಣಿಸುತ್ತೇನೆ. ಟ್ರ್ಯಾಕ್ಟರ್ ಸೀಟಿನಲ್ಲಿ ಒಬ್ಬ ಮುದುಕ ಕೂತಿದ್ದ. ಒರಳುಕಲ್ಲಿನ ಪಕ್ಕ ಹಸಿರು ಸೀರೆಯವಳೊಬ್ಬಳು ಮಗುವಿಗೆ ಬಾಳೆಹಣ್ಣು ಸುಲಿಯುತ್ತಿದ್ದಳು. ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ ನೋಡುತ್ತೇನೆ. ಎಲ್ಲರೂ ಹೊರಗೆ ಬಂದದ್ದು ನೆನಪಾದ ಮೇಲೆಯೇ ಕೈಯಲ್ಲಿದ್ದ ಕೆಲಸಕ್ಕೆ ಮರಳುತ್ತೇನೆ.

ಮರುದಿನ ದೊಡ್ಡ ಸಾಹೇಬರ ಮುಂದೆ ನಡೆದದ್ದನ್ನೆಲ್ಲ ಬರೆದ ಕಾಗದ ಇಟ್ಟೆ. ತಪ್ಪು ನನ್ನದು ಎಂದು ಬರೆದಿದ್ದೆ. ಅವರು ಓದಿ, "ಈ ಕಟ್ಟಡ ನಮ್ಮ ದಾಖಲೆಯಲ್ಲಿ ಎಲ್ಲಿದೆ?" ಎಂದರು.

"ಇಲ್ಲ ಸರ್."

"ಇಲ್ಲದ ಕಟ್ಟಡ ಬಿರುಕು ಬಿಟ್ಟಿದೆ ಅಂತ ನಿಮಗೆ ಹೇಗಮ್ಮ ನೋಟಿಸ್ ಕೊಡಲಿ?" ಎಂದು ಕಾಗದವನ್ನು ಹಿಂದಿರುಗಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಹೋಗಲು ನಾಲ್ಕು ದಿನ ಬೇಕಾಯಿತು. ಹೋದಾಗ ಚಪ್ಪಡಿಯ ಎರಡು ತುಂಡುಗಳನ್ನೂ ಇಳಿಸಿಯಾಗಿತ್ತು. ಗೌಡರು, ಯಲ್ಲಪ್ಪ, ಹಾಲಮ್ಮ ಮೂವರೂ ಇದ್ದರು. ನಾನು ನಿಂತುಕೊಂಡೇ ಹೇಳಿದೆ: "ಯಲ್ಲಪ್ಪ ಹೇಳಿದ್ದೇ ಸರಿಯಾಗಿತ್ತು. ನಾನು ತಪ್ಪು ಹೇಳಿದೆ. ಕಂಬ ತೆಗೆಸಲು ಬಂದದ್ದು ಅದಕ್ಕಿಂತ ದೊಡ್ಡ ತಪ್ಪು."

ಯಲ್ಲಪ್ಪ ಬೀಡಿ ಆರಿಸಿದ. "ನಂದೂ ತಪ್ಪೈತ್ರಿ. ಗಟ್ಟಿಯಾಗಿ ಹೇಳ್ಬೇಕಿತ್ತು. ಓದಿದೋರ ಮುಂದೆ ಬಾಯಿ ಬರ್ಲಿಲ್ಲ, ಅದಕ ಕಂಬ ನಿಲ್ಸಿದೆ."

"ನಂದು ಬಿಟ್ರೋ?" ಎಂದರು ಗೌಡರು. "ಹಟ ಹಿಡಿದೋನು ನಾನು." ಆಮೇಲೆ ತುಂಡಾದ ಕಲ್ಲನ್ನು ನೋಡುತ್ತ, "ಆಗ್ಲಿ, ಇವನ್ನ ಎರಡು ಬೆಂಚು ಮಾಡಾಣ. ಅಕ್ಷರ ಮ್ಯಾಲೇ ಇರ್ಲಿ. ತುಳಿಯೋದು ಬ್ಯಾಡ, ಕೂತ್ಕೊಂಡ್ರೆ ಅಜ್ಜಿ ಏನೂ ಅನ್ನಲ್ಲ. ಮೊಮ್ಮಕ್ಳು ತೊಡಿ ಮ್ಯಾಲೆ ಕೂತಂಗ" ಎಂದರು.

ಹಾಲಮ್ಮ ನನ್ನ ಕಡೆ ತಿರುಗಿದಳು. "ಎಲ್ಲಾ ಮನಿಯೋರೂ ಒಂದೊಂದು ತಂದಾರೆ. ನೀ ಏನ್ ತಂದಿ ತಾಯಿ? ಬರೀ ಮಾತು ತಂದಿ."

ದಂಡ ಹಾಕಿದ್ದು ಇವಳೊಬ್ಬಳೇ. ಮನೆಗೆ ಬಂದು ಹುಡುಕಿದೆ. ದುಡಿದು ಹಳೆಯದಾದದ್ದೇ ಬೇಕು, ಅಂಗಡಿಯಿಂದ ಹೊಸದಾಗಿ ಕೊಂಡದ್ದು ಆಗದು. ಅಟ್ಟದ ಮೇಲೆ ನನ್ನ ಡ್ರಾಯಿಂಗ್ ಹಲಗೆ ಇತ್ತು. ಕಾಲೇಜಿನಲ್ಲಿ, ಆಮೇಲೆ ಕೆಲಸದ ಮೊದಲ ವರ್ಷಗಳಲ್ಲಿ, ಅದರ ಮೇಲೆಯೇ ಹಾಳೆ ಬಿಗಿದು ನಕ್ಷೆ ಬರೆಯುತ್ತಿದ್ದೆ. ಒಂದು ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ಸರಿ ಮಾಡಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಹಲಗೆ ಅಟ್ಟ ಸೇರಿತ್ತು. ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಎಲ್ಲಿಡಬೇಕೆಂದು ತಂದವರೇ ಹೇಳಬೇಕು ಎಂಬುದು ಪದ್ಧತಿ. ನಾನು ಹೇಳಲಿಲ್ಲ. "ಎಲ್ಲಿಡೋಣ ಯಲ್ಲಪ್ಪ?" ಎಂದು ಕೇಳಿದೆ. ಅವನು ಅದನ್ನು ಬೆರಳಿನಿಂದ ತಟ್ಟಿ ನೋಡಿ, ಒಳಗೋಡೆಗೆ ಬಿಗಿದ. ಈಗ ಅದರ ಮೇಲೆ ಸೀಮೆಸುಣ್ಣದಲ್ಲಿ ಬಸ್ಸಿನ ಹೊತ್ತು ಬರೆಯುತ್ತಾರೆ. ಬಸ್ಸು ಬರುವುದು ಆ ಹೊತ್ತಿಗಲ್ಲ, ಅದು ಬೇರೆ ಮಾತು.

ಚಾವಣಿಗೆ ಈ ಸಲ ಮರದ ತೊಲೆ, ಹಳೆಯ ಹೆಂಚು. ಮೊದಲಿಗಿಂತ ಎತ್ತರ ಮಾಡಿದರು. ನಾನು ತೊಲೆ ತೊಲೆಯನ್ನೂ ಯಲ್ಲಪ್ಪನ ಜೊತೆ ತಟ್ಟಿ ನೋಡಿದೆ. ಆಮೇಲಿನ ನನ್ನ ಕೆಲಸದ ವರ್ಷಗಳಲ್ಲಿ ಎಲ್ಲಿ ಹೋದರೂ, ಲೆಕ್ಕ ಹಾಕುವ ಮೊದಲು, ಆ ಕಲ್ಲು ಮರಗಳನ್ನು ಕೈಯಲ್ಲಿ ಹಿಡಿದವರನ್ನು ಕೇಳುವುದು ರೂಢಿಯಾಯಿತು. ನಿಮಗೆ ಈಗ ಫೋನಿನಲ್ಲೇ ಫೋಟೋ, ಜಾಗದ ಗುರುತು, ಲೆಕ್ಕ ಎಲ್ಲ ಸಿಗುತ್ತದೆ. ಒಳ್ಳೆಯದೇ. ಕೇಳುವುದನ್ನು ಮಾತ್ರ ಬಿಡಬೇಡಿ. ನಾನು ನೆಮ್ಮದಿಯಿಂದ ನಿವೃತ್ತಳಾದೆ ಎಂದು ಹೇಳಲು ಸಾಧ್ಯವಾಗಿದ್ದರೆ ಅದು ಆ ರೂಢಿಯಿಂದ.

ಇನ್ನು ಆ ಕಂಬ. ಚಾವಣಿ ಎತ್ತರವಾದ ಮೇಲೆ ಅದಕ್ಕೆ ಹೊರಲು ಏನೂ ಉಳಿಯಲಿಲ್ಲ. ಆದರೆ ಅದು ಹಾಲಮ್ಮನದು. ಅವಳು ಹೇಳದೆ ತೆಗೆಯುವಂತಿಲ್ಲ.

ಹೋದ ವಾರ ಕಾವ್ಯಳನ್ನು ಕರೆದುಕೊಂಡು ಹೋದೆ. ಹಾಲಮ್ಮನಿಗೆ ಈಗ ಬೆನ್ನು ಬಾಗಿದೆ, ಸಂತೆ ಬಿಟ್ಟಿಲ್ಲ. ಗೌರಮ್ಮನ ಹೆಸರಿನ ಮೇಲರ್ಧ ಇರುವ ಬೆಂಚಿನಲ್ಲಿ ಅವಳು ಕೂತಿದ್ದಳು, ಕೆಳ ಅರ್ಧ ಇರುವ ಎದುರಿನ ಬೆಂಚಿನಲ್ಲಿ ನಾನು ಕೂತೆ. ಕಾವ್ಯಳೇ ಕೇಳಲಿ ಎಂದು ಬಿಟ್ಟೆ.

"ಅಜ್ಜಿ, ಈ ಕಂಬ ತೆಗೆಸಬಹುದಾ? ಇದರ ಮೇಲೆ ಯಾವ ಭಾರವೂ ಇಲ್ಲ."

ಹಾಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎದ್ದು ಗೂಟದಿಂದ ತನ್ನ ಚೀಲ ತೆಗೆದು ಕಾವ್ಯಳ ಕೈಗೆ ಕೊಟ್ಟಳು. ಚೀಲದಲ್ಲಿ ಏನಿತ್ತೋ, ಹುಡುಗಿಯ ಹೆಗಲು ಒಂದು ಕಡೆ ವಾಲಿತು.

"ಹಿಡ್ಕೊ. ಬಸ್ ಬರೋತನಕ ಹಿಡ್ಕೊಂಡು ನಿಂತಿರು."

ಕಾವ್ಯ ನಗುತ್ತ ಹಿಡಿದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕೈ ಬದಲಿಸಿದಳು, ಮತ್ತೆ ಬದಲಿಸಿದಳು, ನನ್ನ ಹಲಗೆಯ ಮೇಲಿನ ಹೊತ್ತು ನೋಡಿದಳು, ರಸ್ತೆ ನೋಡಿದಳು. ಬಸ್ಸು ಕಾಣಲಿಲ್ಲ. ಕೊನೆಗೆ ತಾನೇ ಹೋಗಿ ಚೀಲವನ್ನು ಕಂಬದ ಗೂಟಕ್ಕೆ ತೂಗುಹಾಕಿ, ಬಂದು ಹಾಲಮ್ಮನ ಪಕ್ಕ ಕೂತಳು.